ಹನಿ ಪಟದಲ್ಲಿ ಕಾಣುವುದಿಲ್ಲ

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಹೆಂಗಸು ಮೊನ್ನೆ ತನ್ನ ಮಗಳ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. ಹೈಸ್ಕೂಲಿನ ವಿಜ್ಞಾನವನ್ನೆಲ್ಲ ಚಿತ್ರಕಥೆ ಮಾಡಿದ್ದಾರೆ. ಚೌಕ ಚೌಕವಾಗಿ ಬೊಂಬೆಗಳು, ಬೊಂಬೆಯ ಬಾಯಿಂದ ಗುಳ್ಳೆಯ ಹಾಗೆ ಹೊರಟ ಮಾತುಗಳು. "ನೋಡಿ ಅಜ್ಜಿ, ಎಷ್ಟು ಚೆನ್ನಾಗಿ ಹೇಳ್ಕೊಡ್ತಾರೆ ಈಗ. ನಿಮ್ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂದಳು.

ಇತ್ತು. ಅಂಥ ಒಂದು ಚಿತ್ರಕಥೆಯಲ್ಲಿ ನಾನೇ ಇದ್ದೆ. ರಾಜಾಜಿನಗರದ ಮಕ್ಕಳು ನನ್ನನ್ನು ನೋಡಿ ನಕ್ಕು ವಿಜ್ಞಾನ ಕಲಿತರು. ನನ್ನ ಮಗಳು ಮಾತ್ರ ಕಲಿಯಲಿಲ್ಲ. ಹೆಂಗಸಿಗೆ ಇದನ್ನು ಹೇಳಲಿಲ್ಲ. ಬಾಡಿಗೆಯವರ ಜೊತೆ ಎಷ್ಟು ಮಾತಾಡಬೇಕೋ ಅಷ್ಟೇ. ಇಲ್ಲಿ ಬರೆಯುತ್ತೇನೆ. ನಾನು ಎರಡನೇ ಕ್ಲಾಸು ಓದಿದವಳು, ಒತ್ತಕ್ಷರ ಬಂದಲ್ಲಿ ನಿಂತು ನಿಂತು ಬರೆಯಬೇಕು. ಆದರೂ ಬರೆಯುತ್ತೇನೆ.

ನಮ್ಮ ಊರು ಮಾಗಡಿ ರಸ್ತೆಯಿಂದ ಒಳಗೆ. ಈಗ ಅದು ಊರಲ್ಲ, ಬಸ್ ಸ್ಟಾಪಿನ ಹೆಸರು. ಎಪ್ಪತ್ತರ ದಶಕದಲ್ಲಿ ನಮ್ಮ ಹೊಲವನ್ನೆಲ್ಲ ಲೇಔಟಿಗೆ ಅಂತ ಅಳೆದು ಕಲ್ಲು ನೆಟ್ಟು ಹೋಗಿದ್ದರು. ರಾಗಿ ಬಿತ್ತುವ ಹಾಗಿಲ್ಲ, ಮನೆ ಕಟ್ಟುವ ಹಾಗೂ ಇಲ್ಲ. ಉಳಿದದ್ದು ಎಮ್ಮೆಗಳು. ಶ್ರೀಗಂಧದ ಕಾವಲಿನ ಕಡೆಯಿಂದ ಹುಲ್ಲು ಹೊತ್ತು ತರುವುದು, ನಸುಕಿನಲ್ಲಿ ಕರೆಯುವುದು, ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕ್ಯಾನು, ರಾಜಾಜಿನಗರದ ಮನೆ ಮನೆಗೆ ಹೋಗಿ ಹಾಲು ಅಳೆಯುವುದು. ಗಂಡ ಸೊಸೈಟಿ ಅಂಗಡಿಯ ಮುಂದೆ ಕೂತು, ಹೊಲಕ್ಕೆ ಪರಿಹಾರ ಯಾವಾಗ ಬರುತ್ತೆ ಅಂತ ಮಾತಾಡುತ್ತಿದ್ದ. ಮಾತಾಡುವುದೇ ಅವನ ಕೆಲಸವಾಗಿತ್ತು.

ಹಿರಿಯವಳು ಮಗಳು. ರಾಜಾಜಿನಗರದ ಒಂದು ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮ ಊರಿನಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡರೆ ನರ್ಸ್ ಟ್ರೈನಿಂಗಿಗೆ ಸೇರಿಸಿಕೊಳ್ಳುತ್ತಾರೆ ಅಂತ ಹಾಲು ಹಾಕುವ ಮನೆಯ ಒಬ್ಬರು ಹೇಳಿದ್ದರು. ಅದೊಂದು ನನ್ನ ತಲೆಯಲ್ಲಿತ್ತು. ಗಂಡ ಒಪ್ಪಿರಲಿಲ್ಲ, ಸುಮ್ಮನಿದ್ದ. "ಹೋಗ್ಲಿ ಬುಡು. ಆದ್ರೆ ಸ್ಕೂಲಿಂದ ಒಂದ್ ಮಾತು ಬಂತೋ, ಅವತ್ತೇ ನಿಲ್ಸ್ತೀನಿ. ನಿನ್ ತಮ್ಮ ಹೆಂಗೂ ಕಾಯ್ತಾ ಅವ್ನೆ," ಅಂದಿದ್ದ. ನಮ್ಮಲ್ಲಿ ಅಕ್ಕನ ಮಗಳು ಅಂದರೆ ಹುಟ್ಟಿದಾಗಲೇ ಸೋದರಮಾವನಿಗೆ ಬರೆದಿಟ್ಟ ಹಾಗೆ. ನನ್ನ ತಮ್ಮ ಎಂಥವನು ಅಂತ ನನಗೆ ಗೊತ್ತಿತ್ತು. ಒಂದೇ ಎದೆಹಾಲು ಕುಡಿದವಳು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಅವಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಧಾರವಾಡದ ಕಡೆಯವರು. ಅವರ ಮನೆಗೂ ನಾನೇ ಹಾಲು ಹಾಕುತ್ತಿದ್ದೆ. ಹಣೆಗೆ ವಿಭೂತಿ, ಕೈಯಲ್ಲಿ ಯಾವಾಗಲೂ ಬಣ್ಣದ ಕಲೆ. ಹೆಂಡತಿಗೆ ಮೈ ಸರಿ ಇರಲಿಲ್ಲ, ಹಾಲಿಗೆ ಪಾತ್ರೆ ಹಿಡಿಯುವವರು ಅವರೇ. ನಮ್ಮ ಕಡೆಯವರ ಹಾಗೆ ಬಾಗಿಲಿಗೆ ಬಂದವಳನ್ನು ಕಾಯಿಸುತ್ತಿರಲಿಲ್ಲ. ಒಂದು ದಿನ ಪಾತ್ರೆ ಹಿಡಿದುಕೊಂಡೇ ಹೇಳಿದರು:

"ಅವ್ವಾ, ಹುಡುಗ್ರು ಸೈನ್ಸ್ ಪುಸ್ತಕದಾಗ ಚಿತ್ರಕಥಿ ಪುಸ್ತಕ ಮುಚ್ಚಿಟ್ಕೊಂಡು ಓದ್ತಾರ್ರೀ. ಬೈದೆ, ಹೊಡದೆ, ಕಸಗೊಂಡೆ. ಕಸಗೊಂಡಿದ್ದನ್ನ ರಾತ್ರಿ ನಾನೂ ಓದಿದೆ. ಚಲೋ ಇತ್ರೀ! ಇನ್ನ ನಾನೂ ಹಂಗ ಬರಿತೀನಿ."

ಹೇಳಿದ ಹಾಗೆ ಮಾಡಿದರು. ದೊಡ್ಡ ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ, ಎಂಟು ಚೌಕ ಹಾಕಿ, ಕಥೆ ಬರೆದು, ಕಪ್ಪು ಹಲಗೆಯ ಮೇಲೆ ಮೊಳೆಗೆ ನೇತುಹಾಕುತ್ತಿದ್ದರಂತೆ. ಮೇಲೊಂದು ಬಟ್ಟೆ. ಬಟ್ಟೆ ಸರಿಸಿ ಒಂದೊಂದೇ ಚೌಕ ತೋರಿಸುವುದು. ಮುಂದೇನು ಅಂತ ಮಕ್ಕಳು ಬೆಂಚು ಹತ್ತುತ್ತಿದ್ದರಂತೆ. ಪಕ್ಕದ ಸೆಕ್ಷನ್ನಿನವರು ಕಿಟಕಿಗೆ ಜೋತು ಬೀಳುತ್ತಿದ್ದರಂತೆ. ಇದೆಲ್ಲ ಮಗಳು ಸಂಜೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಹೇಳುತ್ತಿದ್ದ ಕಥೆ. ಒಂದು ಸಲ ಊಟ ಜೀರ್ಣವಾಗುವ ಪಾಠ. ರಾಗಿಮುದ್ದೆಗೆ ಕಣ್ಣು ಬಾಯಿ ಕೈ ಬರೆದು, ಅದು ಗಂಟಲಿನಲ್ಲಿ ಜಾರಿ ಹೊಟ್ಟೆಗೆ ಬಿದ್ದು "ಅಯ್ಯೋ, ನೆಂದೆ! ಯಾರಾದ್ರೂ ಕೈ ಕೊಡ್ರಪ್ಪೋ!" ಅಂತ ಕೂಗುವ ಹಾಗೆ ಮಾಡಿದ್ದರು. ಮಗಳು ಅದನ್ನು ಇದ್ದಿಲಿನಲ್ಲಿ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಳು. ನನ್ನ ಅತ್ತೆ ನೋಡಿ, "ಮೂದೇವಿ, ಇದನ್ ನೋಡಿದ್ಮೇಲೆ ಮುದ್ದೆ ಹೆಂಗೆ ನುಂಗಾದು?" ಅಂತ ಬೈದಳು. ಬೈದರೂ ಒಂದು ಗಳಿಗೆ ನಿಂತು ಮುದ್ದೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬೆರಳಿಟ್ಟು ನೋಡಿದಳು. ನಾನೂ ನೋಡಿದೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ?

ಒಂದು ಭಾನುವಾರ ಮೇಷ್ಟ್ರು ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದರು. ಕ್ಯಾರಿಯರಿನಲ್ಲಿ ಹಾಳೆ, ಜೇಬಿನಲ್ಲಿ ಪೆನ್ಸಿಲು.

"ನಾ ಬರದ ಎಮ್ಮಿ ಹಂದಿ ಕಂಡಂಗ ಕಾಣ್ತೈತಿ ಅಂತ ಹುಡುಗ್ರು ನಗ್ತಾರ್ರೀ ಅವ್ವಾ. ಖರೇ ಎಮ್ಮಿ ನೋಡಿ ಬರಿಬೇಕು."

ಮಗಳು ಮೇಷ್ಟ್ರು ಬಂದರಲ್ಲ ಅಂತ ಓಡಾಡಿ ಚಾಪೆ ಹಾಸಿದಳು. ಅವರು ಚಾಪೆಯಲ್ಲಿ ಕೂರದೆ ಹುಲ್ಲಿನ ಮೇಲೆ ಕೂತು ಎಮ್ಮೆ ಬರೆದರು. ಆಮೇಲೆ ನನ್ನ ಕಡೆ ತಿರುಗಿ, "ಕ್ಯಾನು ತಲಿ ಮ್ಯಾಲೆ ಇಟ್ಕೊಂಡು ಒಂದೀಟು ನಿಂದರ್ರಿ," ಅಂದರು. ನಿಂತೆ. ಮೂಗುಬೊಟ್ಟು, ಸಿಂಬೆ, ಎತ್ತಿ ಕಟ್ಟಿದ ಸೀರೆ, ಮುಂಗೈಯ ಹಚ್ಚೆ, ಎಲ್ಲ ಬರೆದುಕೊಂಡರು. ಅದುವರೆಗೆ ಯಾರೂ ನನ್ನ ಫೋಟೋ ತೆಗೆದವರಲ್ಲ, ಮದುವೆಯಲ್ಲೂ ಇಲ್ಲ. ಕತ್ತು ನೋಯುವ ತನಕ ಅಲ್ಲಾಡದೆ ನಿಂತಿದ್ದೆ.

ಸಂಜೆಯ ಹಾಲು ಹೊರಡುವ ಹೊತ್ತು. ಅತ್ತೆ ಚೊಂಬಿನಲ್ಲಿ ನೀರು ತಂದು, ಬೆರಳದ್ದಿ, ಕ್ಯಾನಿನೊಳಕ್ಕೆ ಮೂರು ಹನಿ ಬಿಟ್ಟಳು. ಅದು ನಮ್ಮಲ್ಲಿ ಕ್ರಮ. ಹೊಸ್ತಿಲು ದಾಟುವ ಹಾಲಿಗೆ ಮೂರು ಹನಿ ನೀರು ಬೀಳಬೇಕು. ಮೇಷ್ಟ್ರು ಕಣ್ಣಗಲಿಸಿದರು.

"ಏ ಅಮ್ಮಾ, ಇದೇನ್ರೀ! ನನ್ನ ಕಣ್ಣಮುಂದನ ಹಾಲಿಗೆ ನೀರು?"

"ದಿಷ್ಟಿ ಆಗ್ಬಾರ್ದಲ್ಲಪ್ಪ," ಅಂದಳು ಅತ್ತೆ. "ಬರೀ ಹಾಲು ಆಚೆಗೋದ್ರೆ ಕಂಡೋರ ಕಣ್ಣು ಕೆಚ್ಚಲಿಗೆ ತಾಗ್ತದೆ. ನೀರು ಬಿಟ್ರೆ ಕಣ್ಣು ಅದ್ರ ಮ್ಯಾಲೇ ಹೊಂಟೋಯ್ತದೆ."

"ಅಂದ್ರ ಇಷ್ಟು ದಿನ ನಾ ಕುಡಿದಿದ್ದು ನೀರು!"

"ಮೂರು ಹನೀಲಿ ನಿಮ್ಗೆ ನೆಗಡಿ ಆಗಿದ್ರೆ ಹೇಳಿ ಮೇಷ್ಟ್ರೇ, ಕಷಾಯ ಮಾಡ್ಕೊಡ್ತೀನಿ," ಅಂದೆ ನಾನು.

ಎಲ್ಲರೂ ನಕ್ಕೆವು. ಮಗಳೂ ನಕ್ಕಳು. ಮೇಷ್ಟ್ರು ಮಜ್ಜಿಗೆ ಕುಡಿದು ಸೈಕಲ್ ಹತ್ತಿದರು.

ಆಮೇಲಿನ ಒಂದು ಸೋಮವಾರ ಮಗಳು ಸ್ಕೂಲಿನಿಂದ ಬಂದವಳೇ ಚಾಪೆ ಹಾಸಿಕೊಂಡು ಮಲಗಿದಳು. ಹೊಟ್ಟೆನೋವು ಅಂದಳು. ಆ ವಯಸ್ಸಿನ ಹುಡುಗಿಯ ಹೊಟ್ಟೆನೋವನ್ನು ಯಾರು ಕೆದಕುತ್ತಾರೆ? ನಾನು ಬಿಟ್ಟೆ. ಅವಳು ನನಗೆ ಹೇಳದ ವಿಷಯವನ್ನು ರಾಜಾಜಿನಗರದ ಬಾಗಿಲುಗಳು ಹೇಳಿದವು.

ಬುಧವಾರವೋ ಗುರುವಾರವೋ ಬೆಳಿಗ್ಗೆ, ನಾನು ಬಹಳ ದಿನದಿಂದ ಹಾಲು ಹಾಕುತ್ತಿದ್ದ ಮನೆ. ಹಾಲು ಅಳೆಯಲು ಬಗ್ಗಿದರೆ ಆ ಮನೆಯಾಕೆ ಪಾತ್ರೆಯ ಬದಲು ಒಂದು ಗಾಜಿನ ಲೋಟ ಹಿಡಿದಳು.

"ಒಂದ್ನಿಮಿಷ ಇರಮ್ಮ. ನಮ್ ಹುಡುಗ ಏನೋ ನೋಡ್ಬೇಕಂತೆ. ಸ್ಕೂಲಲ್ಲಿ ಹೇಳಿದಾರಂತೆ."

ಹುಡುಗ ನನ್ನ ಮಗಳ ಕ್ಲಾಸಿನವನೇ. ಕೈಯಲ್ಲಿ ಇಂಜೆಕ್ಷನ್ನಿನ ಖಾಲಿ ಸೀಸೆ, ಒಳಗೆ ಒಂದಿಷ್ಟು ಮರಳು, ಬಾಯಿಗೆ ಮೇಣ ಮೆತ್ತಿದೆ, ಮೈಮೇಲೆ ಮಸಿಯ ಒಂದು ಗೆರೆ. ಅದನ್ನು ಲೋಟದ ಹಾಲಿನಲ್ಲಿ ಬಿಟ್ಟ. ಗೆರೆ ಮುಳುಗಿತು.

"ಮುಳುಗ್ತು ಮಮ್ಮಿ, ಮುಳುಗ್ತು! ಥೇಟ್ ಪಟದಲ್ಲಿರೋ ಹಾಗೇ!"

"ಯಾವ ಪಟ ಕಣಪ್ಪ?" ಅಂದೆ.

ಅವನು ನನ್ನ ಸಿಂಬೆ ನೋಡಿದ, ಮುಂಗೈ ನೋಡಿದ, ಬಾಯಿ ಮುಚ್ಚಿಕೊಂಡು ಒಳಗೆ ಓಡಿಹೋದ. ಒಳಗಿನಿಂದ ನಗು ಕೇಳಿಸಿತು.

"ನೀನು ಇಂಥೋಳು ಅಂದ್ಕೊಂಡಿರ್ಲಿಲ್ಲ," ಅಂದಳು ಆಕೆ. "ನಾಳೆಯಿಂದ ಬೇಡಮ್ಮ. ಡೈರಿ ಬಾಟಲಿ ತರಿಸ್ಕೋತೀವಿ."

ಮುಂದಿನ ಮನೆಯಲ್ಲೂ ಸೀಸೆ. ಅದರ ಮುಂದಿನ ಮನೆಯಲ್ಲೂ ಸೀಸೆ. ಮೇಷ್ಟ್ರು ಮನೆಕೆಲಸ ಕೊಟ್ಟಿದ್ದರು, ನಿಮ್ಮ ಮನೆಗೆ ಬರುವ ಹಾಲನ್ನು ನೀವೇ ಪರೀಕ್ಷೆ ಮಾಡಿ, ಗೆರೆ ಮುಳುಗಿದರೆ ಹಾಲಿಗೆ ನೀರು ಬೆರೆಸಿದ್ದಾರೆ ಅಂತ. ಮಕ್ಕಳು ಯಾವತ್ತೂ ಅಷ್ಟು ಶ್ರದ್ಧೆಯಿಂದ ಮನೆಕೆಲಸ ಮಾಡಿರಲಿಕ್ಕಿಲ್ಲ. ಎಲ್ಲ ಕಡೆಯೂ ಗೆರೆ ಮುಳುಗಿತು. ಅವತ್ತು ಅರ್ಧ ಕ್ಯಾನು ಹಾಲು ವಾಪಸ್ ತಂದೆ. ಹೆಪ್ಪು ಹಾಕುವುದಕ್ಕೂ ಪಾತ್ರೆ ಸಾಲಲಿಲ್ಲ.

ಸಂಜೆ ಮಗಳನ್ನು ಕೊಟ್ಟಿಗೆಗೆ ಕರೆದು ಕೇಳಿದೆ.  ಎಲ್ಲ ಹೇಳಿದಳು. ಯಾವ ವಸ್ತು ಎಷ್ಟು ಮಂದ, ಎಷ್ಟು ತೆಳುವು ಅನ್ನುವ ಪಾಠ. ಅದಕ್ಕೆ ಮೇಷ್ಟ್ರು ಹಾಲಿನವಳ ಕಥೆ ಮಾಡಿದ್ದರು. ಮೊದಲ ಚೌಕದಲ್ಲಿ ಸಿಂಬೆ ಇಟ್ಟ ಹೆಂಗಸು ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬುತ್ತಾಳೆ. ಎರಡನೆಯದರಲ್ಲಿ ಬಿಂದಿಗೆಯನ್ನು ಹಾಲಿನ ಕ್ಯಾನಿಗೆ ಸುರಿಯುತ್ತಾಳೆ, ಬಾಯಲ್ಲಿ "ನೀರು ಹಾಕಿದ್ರೆ ದಿಷ್ಟಿ ಆಗಾಕಿಲ್ಲ" ಅನ್ನುವ ಮಾತು. ಆಮೇಲೆ ಕನ್ನಡಕದ ಹುಡುಗ ಬರುತ್ತಾನೆ. ಮೇಷ್ಟ್ರ ಕಥೆಗಳಲ್ಲೆಲ್ಲ ಆ ಹುಡುಗ ಬರುತ್ತಿದ್ದ, ಎಲ್ಲ ತಿಳಿದವನು. ಗಾಜಿನ ಕೊಳವೆ ಬಿಡುತ್ತಾನೆ, ಅದು ಮುಳುಗುತ್ತದೆ. ಕೊನೆಯ ಚೌಕದಲ್ಲಿ ಹೆಂಗಸು ಸೀರೆ ಎತ್ತಿಕೊಂಡು ಓಡುತ್ತಿದ್ದಾಳೆ, ಅವಳ ಎಮ್ಮೆಯೇ ಅವಳನ್ನು ಹಾಯಲು ಅಟ್ಟಿಸಿಕೊಂಡು ಬರುತ್ತಿದೆ.

"ಬಟ್ಟೆ ತೆಗೆದ ತಕ್ಷಣ ಹಿಂದಿನ ಬೆಂಚಿಂದ ಒಬ್ಳು, 'ಏ, ನಿಮ್ಮಮ್ಮ ಕಣೇ!' ಅಂದ್ಲು," ಅಂದಳು ಮಗಳು. "ಕೈಮೇಲೆ ಹಚ್ಚೆ ಕೂಡ ಹಂಗೇ ಬರ್ದವ್ರೆ."

"ನಾವು ನೀರು ಹಾಕಲ್ಲ ಅಂತ ನಿಂಗೊತ್ತಿಲ್ವಾ? ಮೂರು ಹನಿಗೆ ಸೀಸೆ ಮುಳುಗ್ತದಾ?"

"ಹನಿಗಲ್ಲಮ್ಮ. ಹಾಲು ಬಿಸಿ ಇರ್ತದಲ್ಲ, ಅದಕ್ಕೆ. ಕೆಚ್ಚಲಿಂದ ಬಂದ ಹಾಲು ಬೆಚ್ಚಗಿರ್ತದೆ. ಬೆಚ್ಚಗಿದ್ರೆ ತೆಳುವು. ಅವ್ರು ಗೆರೆ ಎಳ್ದಿರೋದು ಸ್ಕೂಲಲ್ಲಿ, ತಣ್ಣಗಿರೋ ಬಾಟಲಿ ಹಾಲಲ್ಲಿ. ಪುಸ್ತಕದಲ್ಲೇ ಅದೆ, ಹಾಲು ತಣ್ಣಗಾದ್ಮೇಲೆ ನೋಡ್ಬೇಕು ಅಂತ."

ಅವಳೂ ಒಂದು ಸೀಸೆ ಮಾಡಿಕೊಂಡಿದ್ದಳು. ಮಧ್ಯಾಹ್ನ ತಣ್ಣಗಾಗಲು ಇಟ್ಟಿದ್ದ ಹಾಲಿನಲ್ಲಿ ಬಿಟ್ಟು ತೋರಿಸಿದಳು. ಗೆರೆಯ ಹತ್ತಿರವೇ ತೇಲಿತು.

"ಇಷ್ಟು ಗೊತ್ತಿದ್ದೂ ಕ್ಲಾಸಲ್ಲಿ ಹೇಳ್ಬಾರ್ದಾ?"

"ಎದ್ದು ನಿಂತ್ರೆ ನಗ್ತಾರೆ. ಬಾಯಿ ತೆಗೆಯೋಕೆ ಮುಂಚೇನೇ ನಗ್ತಾರೆ." ಆಮೇಲೆ, "ನೀನು ಸ್ಕೂಲಿಗೆ ಬರ್ಬೇಡಮ್ಮ," ಅಂದಳು.

ಹೋದೆ. ಹೋಗಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇಲ್ಲ. ಕಳ್ಳಿ ಅನ್ನಿಸಿಕೊಂಡು ಮನೆಯಲ್ಲಿ ಕೂರುವುದು ಹೇಗೆ? ಹಾಲು ಹಾಕಿ ಮುಗಿಸಿ ಖಾಲಿ ಕ್ಯಾನಿನ ಸಮೇತ ಹೋದೆ. ಗೇಟಿನೊಳಗೆ ಕಾಲಿಟ್ಟರೆ ಸಾಕು, ಮೈದಾನದಲ್ಲಿದ್ದ ಮಕ್ಕಳು, "ಬಂದ್ಲು ಕಣ್ರೋ, ಪಟದವಳು ಬಂದ್ಲು!" ಅಂತ ಕೂಗಿಕೊಂಡವು. ನಾನು ಏನೂ ಮಾಡಿರಲಿಲ್ಲ, ಬರೀ ನಡೆದುಕೊಂಡು ಬರುತ್ತಿದ್ದೆ. ಅದಕ್ಕೇ ನಗು. ಸಿಂಬೆ ಕಂಡರೆ ನಗು, ಕ್ಯಾನು ಕಂಡರೆ ನಗು.

ಮೇಷ್ಟ್ರು ಟೀಚರುಗಳ ರೂಮಿನಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಕುರ್ಚಿ ತೋರಿಸಿದರು. ಕೂರಲಿಲ್ಲ.

"ಆ ಪಟ ತೋರ್ಸಿ ಮೇಷ್ಟ್ರೇ."

ಬೀರುವಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿದರು. ನಾನೇ. ಮೂಗುಬೊಟ್ಟು ನನ್ನದೇ, ನಿಲುವು ನನ್ನದೇ. ಹಚ್ಚೆಯ ಚುಕ್ಕಿ ಕೂಡ ತಪ್ಪಿರಲಿಲ್ಲ. ಕತ್ತು ನೋಯುವ ತನಕ ನಿಂತಿದ್ದು ಇದಕ್ಕೆ.

"ನಾನ್ ಯಾವತ್ತು ಹಾಲಿಗೆ ಬಿಂದಿಗೆ ನೀರು ಸುರಿದಿದ್ದು ನೀವು ನೋಡಿದ್ರಿ?"

ಅವರ ಮುಖ ಕೆಂಪಾಯಿತು. "ನೋಡಿಲ್ರೀ ಅವ್ವಾ. ಮೂರು ಹನಿ ನೋಡಿದೆ. ಆದ್ರ ಹನಿ ಪಟದಾಗ ಕಾಣಂಗಿಲ್ರೀ. ಹಿಂದಿನ ಬೆಂಚಿನ ಹುಡುಗರಿಗೆ ಕಾಣಬೇಕಲ್ಲ? ಅದಕ್ಕ ಬಿಂದಿಗಿ ಬರದೆ."

"ಹಾಲು ಬಿಸಿ ಇದ್ರೆ ಸೀಸೆ ಮುಳುಗ್ತದಂತಲ್ಲ? ನನ್ ಮಗಳು ಅಂದ್ಲು, ಪುಸ್ತಕದಲ್ಲಿ ಅದೆ ಅಂತ."

"ಹೌದ್ರೀ, ಐತಿ. ಖರೇ ಹೇಳ್ಯಾಳ. ಅದನ್ನೂ ಬರಿಬೇಕಂತಿದ್ದೆ. ಎಂಟು ಚೌಕದಾಗ ಎಷ್ಟಂತ ಹಿಡಸ್ಲಿ?"

"ನನ್ ಕೈಮೇಲಿನ ಹಚ್ಚೆ ಹಿಡಿಸ್ತಲ್ಲ ಮೇಷ್ಟ್ರೇ?"

 ಕಿಟಕಿಯ ತುಂಬ ಮಕ್ಕಳ ತಲೆಗಳು. ಹೆಡ್‌ಮಾಸ್ಟರು ಬಂದರು. ವಿಷಯ ಕೇಳಿದರು. "ನೋಡಮ್ಮ, ಈ ಪಾಠದಲ್ಲಿ ಪ್ರತಿ ವರ್ಷ ಹುಡುಗರು ಸೊನ್ನೆ ತಗೋತಿದ್ರು. ಈ ಸಲ ಎಬ್ಬಿಸಿ ಕೇಳಿದ್ರೆ ದಡ್ಡರೂ ಹೇಳ್ತಾರೆ. ಒಳ್ಳೇದಕ್ಕೆ ಮಾಡಿದ್ದು. ನಿನ್ನ ಹೆಸರೇನೂ ಬರೆದಿಲ್ವಲ್ಲ?" ಅಂದರು.

ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ.

ಮೇಷ್ಟ್ರಿಗೆ ಏನಾದರೂ ಸರಿಪಡಿಸಬೇಕು ಅನ್ನಿಸಿರಬೇಕು. ಕಪ್ಪು ಕಾಗದ ತೆಗೆದು, ಕತ್ತರಿಯಲ್ಲಿ ಮೀಸೆ ಕತ್ತರಿಸಿ, ಪಟದಲ್ಲಿನ ನನ್ನ ಮೂಗಿನ ಕೆಳಗೆ ಅಂಟಿಸಿದರು. ಸಿಂಬೆಯ ಮೇಲೆ ರುಮಾಲು ಬರೆದರು. "ಈಗ ಗಂಡಸಾತು ನೋಡ್ರಿ. ಇನ್ನ ನೀವಲ್ಲ," ಅಂದರು. ಚೌಕ ಚೌಕಕ್ಕೂ ಕೂತು ಅಂಟಿಸಿದರು, ಪಾಪ, ಬೆವರುತ್ತಿದ್ದರು. ಕಿಟಕಿಯಿಂದ ಒಂದು ಧ್ವನಿ ಬಂತು:

"ಲೋ, ಹಾಲಮ್ಮಂಗೆ ಮೀಸೆ ಬಂತು ಕಣೋ!"

ಇಡೀ ಸ್ಕೂಲು ನಕ್ಕಿತು ಅಂತ ಬರೆದರೆ ಜಾಸ್ತಿಯಾಗುತ್ತೆ. ಆದರೆ ನನ್ನ ಕಿವಿಗೆ ಹಾಗೇ ಕೇಳಿಸಿತು. ಆ ತಲೆಗಳ ಹಿಂದೆ, ಕಂಬದ ಪಕ್ಕ, ನನ್ನ ಮಗಳು ನಿಂತಿದ್ದಳು. ನನ್ನನ್ನು ನೋಡಿದಳು. ಆಮೇಲೆ ನೋಡಲಿಲ್ಲ.

ಮಾರನೆಯ ದಿನ ಅವಳು ಕ್ಲಾಸಿಗೆ ಹೋದಾಗ ಕಪ್ಪು ಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಮೀಸೆ ಹೆಂಗಸನ್ನು ಬರೆದಿದ್ದರು. ಮಧ್ಯಾಹ್ನಕ್ಕೆ ಮನೆಗೆ ಬಂದು ಬ್ಯಾಗನ್ನು ಅಟ್ಟದ ಹುಲ್ಲಿನೊಳಗೆ ತುರುಕಿದಳು. ವಾರದೊಳಗೆ ಸುದ್ದಿ ಸೊಸೈಟಿ ಅಂಗಡಿಯ ಮುಂದಕ್ಕೂ ಬಂತು. ಗಂಡ ಮನೆಗೆ ಬಂದವನೇ, "ಒಂದ್ ಮಾತು ಬಂದ್ರೆ ಅಂದಿದ್ದೆ. ಒಂದಲ್ಲ, ರಾಶಿ ಬಂದವೆ. ನಾಳೆ ನಿನ್ ತಮ್ಮಂಗೆ ಹೇಳ್ಕಳ್ಸ್ತೀನಿ," ಅಂದ.

"ಪರೀಕ್ಷೆ ಮುಗೀಲಿ," ಅಂದೆ. "ಬೇಸಿಗೆ ತಂಕ ಕಾಯಿ. ಅಷ್ಟ್ ಮಾಡು."

ಜಗಳವಾಯಿತು. ಅತ್ತೆ ಕೂಡ ಆ ಸಲ ನನ್ನ ಕಡೆಗೆ ಮಾತಾಡಿದಳು, "ಕೂಸು ಓದ್ಕಳ್ಲಿ ಬುಡ್ಲಾ," ಅಂದಳು. ಗಂಡ ಗೊಣಗುತ್ತಾ ಕೊನೆಗೆ ಬೇಸಿಗೆಯವರೆಗೆ ಅಂದ. ಗೆದ್ದೆ ಅಂದುಕೊಂಡೆ. ಮಗಳ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಾಳೆ ಹೊರಡು," ಅಂದೆ.

"ನಾನು ಹೋಗಲ್ಲ."

"ಯಾಕೆ? ಒಂದಿನ ನಗ್ತಾರೆ, ಎರಡ್ ದಿನ ನಗ್ತಾರೆ."

"ನೀನೇ ಹೋಗು," ಅಂದಳು. "ಅವರಿಗೆ ಬೇಕಾಗಿರೋದು ನೀನು."

ಅದಾದ ಮೇಲೆ ಕೈ ಎತ್ತಿದೆ, ಹೊಡೆಯಲಿಲ್ಲ. ಹೊಡೆದಿದ್ದರೂ ಅವಳು ಹೋಗುತ್ತಿರಲಿಲ್ಲ.

ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಹುಲ್ಲಿನ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತರು. "ಆಕಿ ಜಾಣಿ ಅದಾಳ್ರೀ ಅವ್ವಾ. ಕಳಸ್ರಿ. ಆ ಹಾಳಿ ಹರದು ಒಗಿತೀನಿ." ಮಗಳು ಕೊಟ್ಟಿಗೆಯ ಹಿಂದಿನಿಂದ ಬರಲಿಲ್ಲ. ಅತ್ತೆ ಮಜ್ಜಿಗೆ ಕೊಟ್ಟಳು. ಕುಡಿದು, ಲೋಟವನ್ನು ತಾವೇ ತೊಳೆದು ಮಗುಚಿಟ್ಟು ಹೋದರು. ಹಾಳೆ ಹರಿದರೋ ಬಿಟ್ಟರೋ ಆಗ ಗೊತ್ತಾಗಲಿಲ್ಲ. ಹರಿಯಲಿಲ್ಲ ಅಂತ ಆಮೇಲೆ ತಿಳಿಯಿತು. ಆ ವರ್ಷದ ಮಕ್ಕಳು ವಿಜ್ಞಾನದಲ್ಲಿ ಚೆನ್ನಾಗಿ ಪಾಸಾದರು, ಹೆಡ್‌ಮಾಸ್ಟರು ಹರಿಯಲು ಬಿಡಲಿಲ್ಲ. ಬೇರೆ ಸ್ಕೂಲಿನ ಮೇಷ್ಟ್ರುಗಳೂ ಬಂದು ನಕಲು ಮಾಡಿಕೊಂಡು ಹೋದರಂತೆ. ವಿಜಯನಗರದಲ್ಲೂ ಓಡಿದೆ ನಾನು, ಕೆಂಗೇರಿಯಲ್ಲೂ ಓಡಿದೆ, ಹಿಂದೆ ಎಮ್ಮೆ.

ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಬೈದು ಮುಗಿಸುತ್ತಿದ್ದೆ. ಕಥೆ ಅಂದಮೇಲೆ ಅದರಲ್ಲಿ ಒಬ್ಬ ದಡ್ಡ ಬೇಕು. ದಡ್ಡ ಇಲ್ಲದಿದ್ದರೆ ಜಾಣ ಯಾರಿಗೆ ಹೇಳುತ್ತಾನೆ? ಅದು ನನಗೂ ಅರ್ಥವಾಗುತ್ತೆ. ಆದರೆ ಆ ದಡ್ಡ ದಿನಾ ಬಾಗಿಲಿಗೆ ಬರುವವಳೇ ಯಾಕಾಗಬೇಕು? ತಮ್ಮ ಮನೆಯವರನ್ನು ಬರೆಯಬಹುದಿತ್ತು. ಹೆಡ್‌ಮಾಸ್ಟರನ್ನು ಬರೆಯಬಹುದಿತ್ತು. ಅವರನ್ನು ಬರೆದರೆ ಕೆಲಸ ಹೋಗುತ್ತೆ. ನನ್ನನ್ನು ಬರೆದರೆ ಏನೂ ಹೋಗುವುದಿಲ್ಲ ಅಂದುಕೊಂಡರು. ಅವರದೇನೂ ಹೋಗಲೂ ಇಲ್ಲ.

ಬೇಸಿಗೆಗೆ ಮುಂಚೆಯೇ ಮದುವೆಯಾಯಿತು. ನನ್ನ ತಮ್ಮ ನಾನು ತಿಳಿದ ಹಾಗೇ ಇದ್ದ. ಆ ವಿಚಾರ ಮಗಳದ್ದು, ನಾನು ಬರೆಯುವುದಿಲ್ಲ. ಅವನು ಸತ್ತಮೇಲೆ ಅವಳು ನನ್ನ ಜೊತೆಗೇ ಬಂದು ಇದ್ದಾಳೆ. ಆ ಹೊತ್ತಿಗೆ ನಮ್ಮ ಹೊಲದಲ್ಲಿ ಉಳಿದಿದ್ದ ಚೂರಿನಲ್ಲಿ ಮನೆ ಎದ್ದಿತ್ತು, ಮೇಲೆ ಬಾಡಿಗೆಯವರು ಬಂದಿದ್ದರು. ಎಮ್ಮೆಗಳನ್ನು ಕೊನೆಗೆ ಮಾರಿದೆವು. ಮಾರುವ ದಿನದ ತನಕ ನಾನು ಹಾಲಿಗೆ ಮೂರು ಹನಿ ನೀರು ಬಿಡುವುದನ್ನು ನಿಲ್ಲಿಸಲಿಲ್ಲ. ಉಳಿದ ಮನೆಯವರ ಬಾಗಿಲಲ್ಲೇ, ಅವರು ನೋಡುತ್ತಿರುವಾಗಲೇ ಬಿಡುತ್ತಿದ್ದೆ. ಬೇಕಾದವರು ತಗೊಳ್ಳಿ, ಬೇಡವಾದವರು ಬಿಡಿ.

ಕೆಲವು ವರ್ಷಗಳ ಹಿಂದೆ ನನ್ನ ಮಂಡಿ ಊದಿತು. ಮಗಳು ಬಸವೇಶ್ವರನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ದೊಡ್ಡ ಕ್ಲಿನಿಕ್ಕು, ಬಾಗಿಲು ತೆಗೆದರೆ ತಣ್ಣನೆ ಗಾಳಿ. ಡಾಕ್ಟರಮ್ಮನಿಗೆ ಮಗಳದ್ದೇ ವಯಸ್ಸು, ಆದರೆ ಕೂದಲಿಗೆ ಬಣ್ಣ, ನೋಡಲು ಹತ್ತು ವರ್ಷ ಚಿಕ್ಕವಳು. ರಕ್ತದ ಒತ್ತಡ ನೋಡಲು ನನ್ನ ತೋಳಿಗೆ ಪಟ್ಟಿ ಸುತ್ತುತ್ತಿದ್ದವಳು ಮುಂಗೈ ನೋಡಿ ನಿಂತಳು.

"ಅಜ್ಜಿ, ನೀವು ಮೊದಲು ರಾಜಾಜಿನಗರಕ್ಕೆ ಹಾಲು ಹಾಕ್ತಿದ್ರಾ?"

"ಹೂಂ ಕಣವ್ವ."

"ಅಯ್ಯೋ ದೇವರೇ! ನೀವು ನಮ್ ಸಾರ್ ಬರೆದಿದ್ದ ಹಾಲಿನಮ್ಮ ಅಲ್ವಾ? ಮೀಸೆ ಅಂಟಿಸಿದ್ರಲ್ಲ, ಅದು! ನಾನು ಆ ಕ್ಲಾಸಲ್ಲೇ ಇದ್ದೆ." ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತ್ತು. "ಆ ಪಾಠ ಇವತ್ತಿಗೂ ಮರೆತಿಲ್ಲ ಅಜ್ಜಿ. ನಿಮ್ಮಿಂದಲೇ ನನಗೆ ಸೈನ್ಸ್ ಮೇಲೆ ಆಸೆ ಹುಟ್ಟಿದ್ದು. ಇಲ್ದಿದ್ರೆ ನಾನು ಡಾಕ್ಟರ್ ಆಗ್ತಿದ್ನೋ ಇಲ್ವೋ!"

ನಾನು ಪಟ್ಟಿ ಸುತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದೆ. ಪಕ್ಕದ ಸ್ಟೂಲಿನ ಮೇಲೆ ಮಗಳು ಕೂತಿದ್ದಳು, ತೊಡೆಯ ಮೇಲೆ ನನ್ನ ಚೀಲ. ಡಾಕ್ಟರಮ್ಮ ಅವಳ ಕಡೆ ಒಂದು ಸಲ ನೋಡಿದಳು, ನಗುತ್ತಾ, ಯಾರನ್ನೋ ನೋಡುವ ಹಾಗೆ. ಒಂದೇ ಕ್ಲಾಸಿನಲ್ಲಿ ಕೂತವರು. ಪಟ ನೆನಪಿತ್ತು, ಮೀಸೆ ನೆನಪಿತ್ತು. ಬೆಂಚಿನಲ್ಲಿದ್ದ ಹುಡುಗಿ ನೆನಪಿರಲಿಲ್ಲ.

"ಹಾಲು ಬಿಸಿ ಇತ್ತು," ಅಂದಳು ಮಗಳು.

"ಏನಮ್ಮ?"

"ಹಾಲು. ಬಿಸಿ ಇತ್ತು. ಅದಕ್ಕೇ ಮುಳುಗಿದ್ದು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು, ಈ ಹೆಂಗಸಿಗೆ ತಲೆ ಸರಿ ಇದೆಯಾ ಅನ್ನುವ ಹಾಗೆ. ನಾನು ಬಿಡಿಸಿ ಹೇಳಲಿಲ್ಲ. ಹೇಳಿದರೂ ಅದು ಅವಳು ಕಲಿತ ಎಂಟು ಚೌಕದಲ್ಲಿ ಇರಲಿಲ್ಲ.

"ಏನಿಲ್ಲ ಬಿಡಿ ಮೇಡಂ," ಅಂದಳು ಮಗಳು. "ಅಮ್ಮನ ಮಂಡಿ ನೋಡಿ."

ನೋಡಿದಳು. ಮಾತ್ರೆ ಬರೆದುಕೊಟ್ಟಳು. ಊತ ಇಳಿಯಿತು.